ಹಲಗೆ ಹಿಡಿದವರು

ದಾಕ್ಷಾಯಣಿ ಮೇದಾರ ವಿದ್ಯಾಮಂತ್ರಿಯಾದ ದಿನ ಊಟ ತಡವಾಯಿತು. ಸಭಾಭವನದ ಹಿಂದಿನ ಚಪ್ಪರದಲ್ಲಿ ಎಲೆ ಹಾಕಿ, ಉಪ್ಪು ಕೋಸಂಬರಿ ಬಡಿಸಿ, ಹೋಳಿಗೆಯ ಬುಟ್ಟಿಗಳಿಗೆ ಬಿಳಿ ಪಂಚೆ ಮುಚ್ಚಿ ಅಡುಗೆಯವರು ಕಾದು ನಿಂತಿದ್ದರು. ಒಳಗೆ ನಾವೆಲ್ಲ ಹಲಗೆಯನ್ನು ನೋಡುತ್ತ ಕೂತಿದ್ದೆವು. ಪತ್ರಿಕೆಯವರ ಬೆಂಚು ಹಿಂಬಾಗಿಲ ಪಕ್ಕದಲ್ಲಿದ್ದುದರಿಂದ ಸಾರಿನ ವಾಸನೆ ಎಲ್ಲರಿಗಿಂತ ಮೊದಲು ನನಗೆ ಬಂತು.

ನಮ್ಮೂರು ಸಣ್ಣದಾದರೂ ಸರ್ಕಾರ ಅದರದೇ. ಇಲ್ಲಿ ಮಂತ್ರಿಯಾಗುವವರು ಪ್ರಮಾಣವನ್ನು ಬಾಯಲ್ಲಿ ಹೇಳುವುದಿಲ್ಲ, ಸಭಾಭವನದ ಕರಿಹಲಗೆಯ ಮೇಲೆ ಸ್ವಂತ ಕೈಯಿಂದ ಬರೆಯುತ್ತಾರೆ. ಆಮೇಲೆ ಅಧ್ಯಕ್ಷರು ಡಸ್ಟರ್ ಹಿಡಿದು ಒರೆಸುತ್ತಾರೆ. ಅಳಿಸಿಹೋದರೆ ಪ್ರಮಾಣ ಊರಿಗೆ ಮುಟ್ಟಿತು ಎಂದರ್ಥ. ಅಳಿಸದಿದ್ದರೆ ಮುಂದಿನ ಯುಗಾದಿ ಕಳೆದು ಸೇರುವ ಮೊದಲ ಸಭೆಯವರೆಗೆ ಗಡುವು. ಅಷ್ಟರಲ್ಲೂ ಅಳಿಸದಿದ್ದರೆ ಮಂತ್ರಿ ಕುರ್ಚಿ ಬಿಡಬೇಕು, ಅವರು ಹೊರಡಿಸಿದ ಆದೇಶಗಳೂ ಅವರ ಹಿಂದೆಯೇ ಹೋಗುತ್ತವೆ. ಹಾಗೆ ಆದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಇದುವರೆಗಿನ ಮಂತ್ರಿಗಳೆಲ್ಲ ಬರೆಯುತ್ತ ಬಂದದ್ದು ಒಂದೇ ಸಾಲು: 'ಊರಿಗೆ ಒಳ್ಳೆಯದನ್ನು ಮಾಡುತ್ತೇನೆ.' ಅದು ಎಲ್ಲರಿಗೂ ತಿಳಿದುಬಿಡುತ್ತಿತ್ತು.

ದಾಕ್ಷಾಯಣಿ ಬರೆದದ್ದು ಬೇರೆ: 'ಇನ್ನು ಮುಂದೆ ಯಾವ ಮಗುವನ್ನೂ ಕಟ್ಟೆಗೆ ಕಳಿಸುವುದಿಲ್ಲ.'

ಅಧ್ಯಕ್ಷ ರುದ್ರಗೌಡರು ಡಸ್ಟರ್ ಎಳೆದರು. ಒಂದು ಅಕ್ಷರವೂ ಕದಲಲಿಲ್ಲ. ಒದ್ದೆ ಬಟ್ಟೆ ತರಿಸಿ ಒರೆಸಿದರು. ಅಕ್ಷರಗಳು ಮುಖ ತೊಳೆದುಕೊಂಡಂತೆ ಇನ್ನಷ್ಟು ಬೆಳ್ಳಗಾದವು.

"ಯಾರಿಗೋ ತಿಳಿದಿಲ್ಲ," ಎಂದು ಅವರು ಸಭೆಯತ್ತ ತಿರುಗಿದರು. "ಯಾರಿಗೆ ತಿಳಿದಿಲ್ಲ, ನಾಚಿಕಿ ಬಿಟ್ಟು ಹೇಳ್ರಪಾ. ಹೋಳಿಗಿ ಆರಾಕತ್ತಾವ."

ಎಲ್ಲರ ಕಣ್ಣೂ ಹಿಂದಿನ ವಿದ್ಯಾಮಂತ್ರಿ ಶಿವಪುತ್ರಪ್ಪನವರ ಮೇಲೆ ಬಿದ್ದವು. ಅವರು ರುಮಾಲು ಸರಿಮಾಡಿಕೊಂಡರು. "ನನ್ನ ಯಾಕ ನೋಡ್ತೀರಿ? ಚಲೋ ತಿಳಿದೈತಿ ನನಗ. ತಿಳಿದದ್ದಕ್ಕ ಹೊಟ್ಟಿ ಉರಿಯಾಕತ್ತೈತಿ."

ಜನ ನಕ್ಕರು, ದಾಕ್ಷಾಯಣಿಯೂ ನಕ್ಕಳು. ಒಂದೊಂದು ಸಾಲನ್ನಾಗಿ ಜನರನ್ನು ಹೊರಗೆ ಕಳಿಸಿ ನೋಡಿದರು. ಕೊನೆಗೆ ಹೊಸ ಮಂತ್ರಿಯೂ ಸೇರಿ ಎಲ್ಲರೂ ಚಪ್ಪರದಲ್ಲಿ ನಿಂತೆವು, ರುದ್ರಗೌಡರೊಬ್ಬರೇ ಒಳಗೆ ಉಳಿದು ಒರೆಸಿದರು. ಆಗಲೂ ಹೋಗಲಿಲ್ಲ.

"ಹಂಗಾರ ನನಗ ತಿಳಿದಿಲ್ಲೇನು?" ಎಂದು ಅವರು ಬಾಗಿಲಲ್ಲಿ ನಿಂತು ಕೇಳಿದರು. ಅವರ ನಂತರ ಶಿವಪುತ್ರಪ್ಪನವರು ಒಬ್ಬರೇ ಒಳಗೆ ಹೋಗಿ ಉಜ್ಜಿ ಬಂದರು. ಹಾಗೇ ಇತ್ತು. ಮಳೆಗಾಲದ ತೇವಕ್ಕೆ ಹಲಗೆ ಕೆಟ್ಟಿರಬೇಕು ಎಂದು ತೀರ್ಮಾನಿಸಿ ಊಟಕ್ಕೆ ಕೂತೆವು. ಹೋಳಿಗೆ ಆರಿತ್ತು.

ಹಲಗೆಗಳ ಸ್ವಭಾವ ನಮ್ಮೂರಿನವರಿಗೆ ಹೊಸದಲ್ಲ. ಕೋಣೆಯಲ್ಲಿ ಇರುವವರೆಲ್ಲರಿಗೂ ತಿಳಿಯುವ ತನಕ ಬರೆದದ್ದು ಅಳಿಸುವುದಿಲ್ಲ. ಮಾಸ್ತರರು ಮಗ್ಗಿಯನ್ನೋ ಗ್ರಹಣದ ಚಿತ್ರವನ್ನೋ ಬರೆದು, ವಿವರಿಸಿ, ಡಸ್ಟರ್ ಎಳೆದು ನೋಡುತ್ತಾರೆ. ಹೋಗದಿದ್ದರೆ ಮತ್ತೊಮ್ಮೆ ವಿವರಿಸುತ್ತಾರೆ. ಆಗಲೂ ಹೋಗದಿದ್ದರೆ ಯಾರೋ 'ಹಲಗೆ ಹಿಡಿದಿದ್ದಾರೆ' ಎಂದರ್ಥ. ಹಿಡಿದವರು ಯಾರೆಂಬುದು ಸಾಮಾನ್ಯವಾಗಿ ತರಗತಿಗೆಲ್ಲ ಗೊತ್ತಿರುತ್ತದೆ. ಆ ಮಗುವನ್ನು ಹೊರಗಿನ ಕಟ್ಟೆಗೆ ಕಳಿಸಿದರೆ ಹಲಗೆ ಕ್ಷಣದಲ್ಲಿ ಬರಿದಾಗುತ್ತದೆ, ಪಾಠ ಮುಂದೆ ಸಾಗುತ್ತದೆ. ನಮ್ಮಲ್ಲಿ ಪ್ರತಿ ಶಾಲೆಗೂ ಹೆಂಚಿನ ಇಳಿಜಾರಿನ ಕೆಳಗೆ ಉದ್ದಕ್ಕೂ ಒಂದು ಕಟ್ಟೆ ಇರುತ್ತದೆ, ಸವೆದು ನುಣುಪಾಗಿರುತ್ತದೆ. ಇದನ್ನು ಯಾರೂ ಶಿಕ್ಷೆ ಎಂದು ಭಾವಿಸಿರಲಿಲ್ಲ. ಕಟ್ಟೆಯ ಮಕ್ಕಳಿಗೆ ಮಧ್ಯಾಹ್ನ ಮಜ್ಜಿಗೆ ಕೊಡುತ್ತಿದ್ದರು, ಅವರು ಗಿಡಕ್ಕೆ ನೀರು ಹಾಕುತ್ತಿದ್ದರು, ಗಂಟೆ ಬಾರಿಸುತ್ತಿದ್ದರು. ಕೆಲವರು ಒಂದು ದಿನಕ್ಕೆಂದು ಹೋಗಿ ಮತ್ತೆ ಒಳಗೆ ಬರುತ್ತಲೇ ಇರಲಿಲ್ಲ. ಹೆಣ್ಣು ನೋಡಲು ಬಂದವರು "ಹುಡುಗಿ ಒಳಗಿನಾಕಿಯೋ ಕಟ್ಟಿಯಾಕಿಯೋ" ಎಂದು ಕೇಳುವುದೂ ವಾಡಿಕೆಯಾಗಿತ್ತು.

ದಾಕ್ಷಾಯಣಿ ಒಳಗಿನಾಕೆ. ಬುಟ್ಟಿ ಹೆಣೆಯುವವರ ಓಣಿಯಿಂದ ಬಂದ ಈ ಹುಡುಗಿ ಮೊದಲ ಬೆಂಚಿನಲ್ಲಿ ಕೂತು, ಮಾಸ್ತರರು ಸಾಲು ಮುಗಿಸುವ ಮೊದಲೇ ತಿಳಿದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂರುತ್ತಿದ್ದವಳು ಅದೇ ಓಣಿಯ ಕಸ್ತೂರವ್ವ. ಮೂರನೆಯ ತರಗತಿಯಲ್ಲಿ ಒಮ್ಮೆ ಭಾಗಾಕಾರದ ಲೆಕ್ಕ ಅಳಿಸದೆ ನಿಂತಾಗ ಮಾಸ್ತರರು ಕಸ್ತೂರವ್ವನನ್ನು ಕಟ್ಟೆಗೆ ಕಳಿಸಿದರು. ದಾಕ್ಷಾಯಣಿಯೂ ಎದ್ದು ಹಿಂದೆಯೇ ಹೋದಳು. "ನೀ ಯಾಕ? ನಿನಗ ತಿಳಿದೈತಲ್ಲ, ಒಳಗ ಬಾ," ಎಂದರು ಮಾಸ್ತರರು. "ಆಕಿ ಬಂದ್ರ ಬರ್ತೀನ್ರೀ," ಎಂದಳಂತೆ. ಆ ವಾರವೆಲ್ಲ ಕಟ್ಟೆಯ ಮೇಲೆ ಕೂತಳು. ಕೊನೆಗೆ ತಂದೆ ಬಂದು ಕೈಹಿಡಿದು ಒಳಗೆ ಕೂರಿಸಿದರು. ಕಸ್ತೂರವ್ವ ಮಾತ್ರ ಮತ್ತೆ ಒಳಗೆ ಬರಲಿಲ್ಲ. ಈ ಸಂಗತಿಯನ್ನು ನಾನು ಮಾಸ್ತರರಿಂದಲೂ ಕಸ್ತೂರವ್ವನಿಂದಲೂ ಬೇರೆಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ದಾಕ್ಷಾಯಣಿ ಇದನ್ನು ಯಾವ ಭಾಷಣದಲ್ಲೂ ಹೇಳಿದ್ದಿಲ್ಲ.

ಆಕೆಯನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಮುಷ್ಕರದಲ್ಲಿ. ಆಗ ನಾನು ಪತ್ರಿಕೆಗೆ ಹೊಸಬ. ಅರ್ಥಶಾಸ್ತ್ರದ ಇನಾಮದಾರ ಸರ್ ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಕಟ್ಟೆಗೆ ಹೋಗೆಂದಾಗ ದಾಕ್ಷಾಯಣಿ ಎದ್ದು ನಿಂತು, "ಒಬ್ರು ಹೊರಗಂದ್ರ ಎಲ್ಲಾರೂ ಹೊರಗ," ಎಂದಳು. ಇಡೀ ತರಗತಿ ಆಕೆಯ ಹಿಂದೆ ಹೋಗಿ ಕಟ್ಟೆಯ ಮೇಲೆ ಕೂತಿತು. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಕೋಣೆಗಳೆಲ್ಲ ಖಾಲಿ. ಕಟ್ಟೆ ಸಾಲದೆ ಹುಡುಗರು ಮರ ಹತ್ತಿದ್ದರು, ಹುಡುಗಿಯರು ಮೆಟ್ಟಿಲ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು.

ಒಳಗೆ ಉಪನ್ಯಾಸಕರು ಒಬ್ಬೊಬ್ಬರೇ ನಿಂತು ತಮ್ಮ ಹಲಗೆ ಒರೆಸಿಕೊಂಡರು. ಎಲ್ಲರದೂ ಅಳಿಸಿತು, ಇನಾಮದಾರ ಸರ್ ಅವರದು ಮಾತ್ರ ಅಳಿಸಲಿಲ್ಲ. 'ಹಣದ ಬೆಲೆ ಕುಸಿಯಲು ಕಾರಣಗಳು' ಎಂಬ ಶೀರ್ಷಿಕೆ, ಅದರ ಕೆಳಗಿನ ಬಾಣಗಳು, ವೃತ್ತಗಳು ಎಲ್ಲ ಹಾಗೇ ಇದ್ದವು. ಕಿಟಕಿಯಿಂದ ನೋಡುತ್ತಿದ್ದ ಹುಡುಗರಿಗೆ ಅವರು, "ಸೀಮೆಸುಣ್ಣ ಸರಿ ಇಲ್ಲ," ಎಂದರು. ಆಮೇಲೆ ಅವರು ಮನೆಗೆ ಹೋದ ಮೇಲೂ ಜವಾನ ಬಂದು ಒರೆಸಿದ, ಹೋಗಲಿಲ್ಲ. ಅವರು ಕೆಲವು ದಿನ ಗ್ರಂಥಾಲಯದಲ್ಲಿ ಕೂತಿದ್ದನ್ನು ನೋಡಿದವರಿದ್ದಾರೆ. ಆಮೇಲೊಂದು ಬೆಳಿಗ್ಗೆ ಹಲಗೆ ಸುಮ್ಮನೆ ಕೈ ಸೋಕಿದರೆ ಅಳಿಸಿತು. ನಾನು ಇಷ್ಟನ್ನೂ ಬರೆದುಕೊಟ್ಟೆ. ಸಂಪಾದಕರು ಆ ಭಾಗಕ್ಕೆ ಗೆರೆ ಎಳೆದು, "ಪಾಪ, ದೊಡ್ಡ ಮನುಷ್ಯ. ಬಿಡು," ಎಂದರು.

ಮುಷ್ಕರ ಗೆದ್ದಿತು. ಕಾಲೇಜಿನಲ್ಲಿ ಕಟ್ಟೆಗೆ ಕಳಿಸುವುದು ನಿಂತಿತು, ಶಾಲೆಗಳಲ್ಲಿ ನಿಲ್ಲಲಿಲ್ಲ. ದಾಕ್ಷಾಯಣಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾದಳು, ಓದು ಮುಗಿದ ಮೇಲೆ ತನ್ನ ಓಣಿಯಿಂದಲೇ ಚುನಾವಣೆಗೆ ನಿಂತಳು. ಆಕೆಯ ಭಾಷಣ ವರದಿ ಮಾಡುವುದು ನಮಗೆ ಕಷ್ಟವಾಗುತ್ತಿತ್ತು. ಒಂದು ಮಾತು ಹೇಳಿ ನಿಲ್ಲಿಸಿ, "ತಿಳೀದವ್ರು ಕೈ ಎತ್ರಿ," ಎನ್ನುತ್ತಿದ್ದಳು. ಒಂದು ಕೈ ಎದ್ದರೂ ಮತ್ತೆ ಮೊದಲಿನಿಂದ. "ಯವ್ವಾ, ಇದು ಭಾಷಣೋ ಸಾಲಿಯೋ?" ಎಂದು ಮುದುಕನೊಬ್ಬ ಕೂಗಿದಾಗ, "ಯಜ್ಜಾ, ಸಾಲಿ ಆಗಿದ್ರ ನಿನ್ನ ಕಟ್ಟಿಗೆ ಕಳಿಸಿರ್ತಿದ್ರು," ಎಂದಳು. ಮುದುಕ ಬಾಯ್ತುಂಬ ನಕ್ಕ. ಶಿವಪುತ್ರಪ್ಪನವರ ಗುಂಪು ಸೋತು, ರುದ್ರಗೌಡರ ಸರ್ಕಾರ ಬಂದಾಗ ವಿದ್ಯಾಖಾತೆ ಈಕೆಗಲ್ಲದೆ ಇನ್ನಾರಿಗೂ ಕೊಡುವ ಮಾತೇ ಬರಲಿಲ್ಲ. ನಮ್ಮೂರಿನ ಮಂತ್ರಿಗಳಲ್ಲಿ ಇಷ್ಟು ಚಿಕ್ಕ ವಯಸ್ಸಿನವರು ಇರಲಿಲ್ಲ, ಬುಟ್ಟಿ ಹೆಣೆಯುವ ಓಣಿಯವರಂತೂ ಇರಲೇ ಇಲ್ಲ.

ಪ್ರಮಾಣ ಅಳಿಸದಿದ್ದುದು ಆಕೆಯನ್ನು ಅಷ್ಟಾಗಿ ಕಾಡಿದಂತೆ ಕಾಣಲಿಲ್ಲ. "ಯಾರಿಗೋ ತಿಳಿದಿಲ್ಲ. ಮಾಡಿ ತೋರಿಸಿದ್ರ ತಿಳೀತೈತಿ," ಎಂದಳು. ಮರುದಿನವೇ ಆದೇಶ ಹೊರಟಿತು: ಯಾವ ಶಾಲೆಯಲ್ಲೂ ಯಾವ ಮಗುವನ್ನೂ ಹೊರಗೆ ಕಳಿಸಕೂಡದು. ಮಾಸ್ತರರು ಕಣ್ತಪ್ಪಿಸಿ ಕಳಿಸಿಯಾರು ಎಂದು ಕೋಣೆಗಳಿಗೂ ಕಟ್ಟೆಗಳಿಗೂ ನಡುವೆ ಬಿದಿರಿನ ತಟ್ಟಿ ಕಟ್ಟಿಸಿದಳು. ತಟ್ಟಿ ಹೆಣೆದವರು ಆಕೆಯ ಓಣಿಯವರೇ. ಬೆಳಿಗ್ಗೆ ಆರಕ್ಕೆದ್ದು ಸೈಕಲ್ ಮೇಲೆ ಶಾಲೆಯಿಂದ ಶಾಲೆಗೆ ಹೋಗಿ ತಟ್ಟಿ ಜಗ್ಗಿ ನೋಡುತ್ತಿದ್ದಳು. ಸರ್ಕಾರಿ ಕಾರು ಅಷ್ಟೂ ತಿಂಗಳು ಷೆಡ್ಡಿನಲ್ಲೇ ನಿಂತಿತ್ತು.

ಮೊದಲ ತಿಂಗಳು ಊರು ಹೆಮ್ಮೆಪಟ್ಟಿತು. ನಂತರ ಹಲಗೆಗಳು ನಿಂತವು. ಅಂಗಾರಕ ಗ್ರಹದ ಮೇಲೆ ಕನ್ನಡ ವ್ಯಾಕರಣ, ವ್ಯಾಕರಣದ ಸಂದಿಯಲ್ಲಿ ಗುಣಾಕಾರ, ಹೀಗೆ ಜಾಗ ಸಿಕ್ಕಲ್ಲೆಲ್ಲ ಬರೆದು ಹಲಗೆಗಳು ಬೆಳ್ಳಗಾದವು. ಮಾಸ್ತರರು ಗೋಡೆಗೆ ಕರಿ ಬಣ್ಣ ಬಳಿಸಿ ಅಲ್ಲಿ ಬರೆದರು, ಗೋಡೆಯೂ ಅಳಿಸಲಿಲ್ಲ. ಬುದ್ಧಿವಂತ ಮಕ್ಕಳ ಅಪ್ಪಂದಿರು ಸಭಾಭವನದ ಮುಂದೆ ಬಂದು ಕೂತರು. "ನಮ್ಮ ಹುಡುಗ ನಾಕನೇತ್ತಾಗ ಸೂರ್ಯನ ಕೂಡ ಆರು ತಿಂಗಳಿಂದ ಕುಂತಾನ. ಮುಂದಿನ ಪಾಠಕ್ಕ ಯಾವಾಗ ಹೋಗೂದು?" ಎಂದು ಒಬ್ಬರು ಕೇಳಿದರು. ಅದು ಸುಳ್ಳಲ್ಲ, ನಾನು ಹೋಗಿ ನೋಡಿ ಬಂದಿದ್ದೆ. ಶಿವಪುತ್ರಪ್ಪನವರು ಸಭೆಯಲ್ಲಿ ಹಲಗೆಯ ಪ್ರಮಾಣದ ಕಡೆಗೆ ಬೆರಳು ತೋರಿಸಿ, "ಯುಗಾದಿ ಬರಾಕತ್ತೈತಿ ತಂಗೀ," ಎಂದಷ್ಟೇ ಹೇಳಿ ಕೂರುತ್ತಿದ್ದರು. ಹಲಗೆ ಹಿಡಿದಿರುವುದು ಅವರೇ ಎಂದು ಅರ್ಧ ಊರು, ಅಧ್ಯಕ್ಷರು ಎಂದು ಉಳಿದರ್ಧ ಊರು ನಂಬಿತ್ತು. ರುದ್ರಗೌಡರು ಪ್ರತಿ ಸೋಮವಾರ ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಒರೆಸಿ ನೋಡುತ್ತಿದ್ದರು.

ಮಾಘ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬುಟ್ಟಿ ಓಣಿಯ ಶಾಲೆಗೆ ಆಕೆಯ ಜೊತೆ ಹೋಗಿದ್ದೆ. ತಟ್ಟಿಯ ಕೆಳಮೂಲೆಯಲ್ಲಿ ಮಗು ತೂರುವಷ್ಟು ಕಂಡಿ ಇತ್ತು.

"ಮಾಸ್ತರರ ಕೆಲಸ ಇರಬೇಕು," ಎಂದೆ.

ಆಕೆ ಬಗ್ಗಿ ಬಿದಿರಿನ ಸೀಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆ ಕೆಲಸದಲ್ಲಿ ಹುಟ್ಟಿದವಳಿಗೆ ಯಾರೂ ಹೇಳಬೇಕಿರಲಿಲ್ಲ. "ಹೊರಗಿಂದ ಮುರಿದದ್ದಲ್ಲ ಇದು," ಎಂದಳು. "ಒಳಗ ಕುಂತವ್ರು ಹೊರಗ ಬರಾಕ ಮುರಿದಾರ. ಹಲ್ಲಿಲೇ ಕಚ್ಚಿ ಬಿಡಿಸ್ಯಾರ, ನೋಡ್ರಿ."

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಒಂದು ಸಣ್ಣ ಪೇರಲ ಹಣ್ಣು ಅರ್ಧ ತಿಂದು ಬಿದ್ದಿತ್ತು.

ಆಕೆ ಅಲ್ಲೇ ನಿಂತಿರುವಾಗ ಕಸ್ತೂರವ್ವ ಬಂದಳು. ತಲೆಯ ಮೇಲೆ ಮಾರಲು ಹೊರಟ ಮೊರಗಳ ರಾಶಿ. ಅದನ್ನು ಇಳಿಸದೆಯೇ ಮಾತಾಡಿದಳು. "ದಾಕವ್ವಾ, ನಿನ್ನ ಹುಡುಕ್ಕೊಂಡು ಭವನಕ್ಕ ಹೊಂಟಿದ್ದೆ, ಇಲ್ಲೇ ಸಿಕ್ಕಿ. ನನ್ನ ಮಗಳು ನಿಂಗಿನ್ನ ಕಟ್ಟಿಗೆ ಕಳಿಸವ್ವಾ."

"ಏನಂದಿ?"

"ಕಟ್ಟಿಗೆ ಕಳಿಸು ಅಂದೆ. ಸೂರ್ಯಾನ ಪಾಠ ಹಿಡಿದು ನಿಲ್ಲಿಸಿದಾಕಿ ನಿಂಗಿ ಅಂತ ಸಾಲೀಗೆಲ್ಲ ಗೊತ್ತೈತಿ. 'ಅಂಟು' ಅಂತ ಕರೀತಾವ ಹುಡುಗೂರು. ಆಕಿ ಬಂದ್ರ ಬೆಂಚು ಸರಿಸ್ತಾವ. ಮಾಸ್ತರರು ಬೈಯೂದಿಲ್ಲ, ಉಸುರು ಬಿಡ್ತಾರ. ಅದು ಬೈಗಳಕಿಂತ ಜಾಸ್ತಿ ಆಗ್ತೈತಿ ಕೂಸಿಗೆ. ಅನ್ನ ಬಿಟ್ಟಾಳ."

"ಕಸ್ತೂರಿ, ನಿನ್ನಂಗ ಆಕಿ ಆಗಬಾರ್ದು ಅಂತನೇ ನಾ ಇಷ್ಟೆಲ್ಲ..."

"ನನ್ನಂಗ ಆದ್ರ ಏನಾತು? ಕಟ್ಟಿ ಮ್ಯಾಲ ಗಾಳಿಯಾರ ಇತ್ತು." ಕಸ್ತೂರವ್ವ ಒಂದು ಕೈಯಿಂದ ಮೊರಗಳನ್ನು ಹಿಡಿದುಕೊಂಡೇ ತಟ್ಟಿಯನ್ನು ನೋಡಿದಳು. "ನೀ ಮೂರನೇತ್ತಾಗ ನನ್ನ ಒಳಗ ಎಳಕೊಂಡು ಹೋಗ್ಲಿಲ್ಲ, ನೆನಪೈತೇನು? ನೀನ ಹೊರಗ ಬಂದು ನನ್ನ ಬಾಜೂ ಕುಂತಿದ್ದಿ. ಆ ಒಂದು ವಾರ ನನಗ ಯಾರೂ ದಡ್ಡಿ ಅನ್ಲಿಲ್ಲ."

ಆಕೆ ಮೊರ ಹೊತ್ತು ಹೊರಟುಹೋದಳು. ದಾಕ್ಷಾಯಣಿ ಸೈಕಲ್ಲನ್ನು ತಟ್ಟಿಗೆ ಒರಗಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ನಾಲ್ಕನೆಯ ತರಗತಿಯ ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ.

ಹಲಗೆಯ ಮೇಲೆ ಎಲ್ಲ ಬರಹಗಳ ಅಡಿಯಲ್ಲಿ, ತಿಂಗಳುಗಳಿಂದ ಉಳಿದ ಆ ಸೂರ್ಯನ ಚಿತ್ರ, ಅದರ ಪಕ್ಕ ಪಾಠ: 'ಭೂಮಿ ತನ್ನ ಸುತ್ತ ತಾನು ವೇಗವಾಗಿ ತಿರುಗುತ್ತದೆ. ಆದ್ದರಿಂದ ಹಗಲು ರಾತ್ರಿ ಆಗುತ್ತವೆ.' ಕೊನೆಯ ಬೆಂಚಿನಲ್ಲಿ ನಿಂಗಿ ಒಬ್ಬಳೇ ಇದ್ದಳು. ದಾಕ್ಷಾಯಣಿ ಹೋಗಿ ಅವಳ ಪಕ್ಕ ಕೂತಳು. ಹಣಮಂತ ಮಾಸ್ತರರು ಮಂತ್ರಿ ಕೂತ ಜಾಗ ನೋಡಿ ಕುರ್ಚಿ ತರಲು ಓಡಿದರು. ಬೇಡವೆಂದು ಕೈ ಮಾಡಿದಳು.

ಆಕೆಯೇ ವಿವರಿಸಿದಳು. ಮುಷ್ಟಿಯನ್ನು ಭೂಮಿ ಮಾಡಿದಳು, ಕಿಟಕಿಯನ್ನು ಸೂರ್ಯ ಮಾಡಿದಳು. "ತಿಳೀತಾ?" ಎಂದಳು. "ತಿಳೀತ್ರೀ," ಎಂದಳು ನಿಂಗಿ ನೆಲ ನೋಡುತ್ತ. ಮಾಸ್ತರರು ಡಸ್ಟರ್ ಎಳೆದರು. ಅಳಿಸಲಿಲ್ಲ. ಮುಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಎರಡನೆಯ ಸಲ ವಿವರಿಸುವಾಗ ಮಂತ್ರಿಯ ದನಿ ಏರಿತು. ಅದು ಏರಿದ್ದು ಆಕೆಗೇ ಕೇಳಿಸಿರಬೇಕು, ಮಾತು ಅರ್ಧಕ್ಕೆ ಬಿಟ್ಟಳು.

"ನಿಂಗೀ," ಎಂದಳು ಆಮೇಲೆ, ತಗ್ಗಿದ ದನಿಯಲ್ಲಿ. "ನಾ ಇನ್ನ ಹೇಳೂದಿಲ್ಲ. ನೀ ಹೇಳು. ಏನು ಅಡ್ಡ ಬರಾಕತ್ತೈತಿ?"

ನಿಂಗಿ ಮಾಸ್ತರರನ್ನು ನೋಡಿದಳು, ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. "ಕೇಳಿದ್ರ ನಗ್ತಾರ್ರೀ."

"ನಕ್ರ ನಾನೂ ನಗಿಸ್ಕೋತೀನಿ ನಿನ್ನ ಕೂಡ. ಕೇಳು."

ನಿಂಗಿ ಎದ್ದು ಬೆಂಚಿನ ಪಕ್ಕಕ್ಕೆ ಬಂದಳು. ನಿಂತಲ್ಲೇ ಒಮ್ಮೆ ಮೇಲಕ್ಕೆ ಹಾರಿ ಕೆಳಗೆ ಬಿದ್ದಳು. "ಭೂಮಿ ಓಡಾಕತ್ತಿದ್ರ," ಎಂದಳು, "ನಾ ಮ್ಯಾಲ ಇದ್ದಾಗ ಅದು ಮುಂದ ಹೋಗಿರಬೇಕಲ್ರೀ? ನಾ ಗ್ವಾಡಿಗೆ ಹೋಗಿ ಬಡೀಬೇಕು. ಅಲ್ಲೇ ಯಾಕ ಬಿದ್ದೆ?"

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ತಾನೂ ಹಾರಿ ನೋಡಿದ. ಇನ್ನಿಬ್ಬರು ಹಾರಿದರು. ಸ್ವಲ್ಪ ಹೊತ್ತಿನಲ್ಲಿ ತರಗತಿಯೇ ಹಾರುತ್ತಿತ್ತು. ಎಲ್ಲರೂ ಎದ್ದಲ್ಲೇ ಬೀಳುತ್ತಿದ್ದರು, ಬಿದ್ದವರೆಲ್ಲ ಮಾಸ್ತರರ ಮುಖ ನೋಡುತ್ತಿದ್ದರು. ಹಣಮಂತ ಮಾಸ್ತರರು ಡಸ್ಟರ್ ಮೇಜಿನ ಮೇಲಿಟ್ಟರು. "ಗುರುತ್ವಾಕರ್ಷಣ," ಎಂದರು. "ಅದು ಕೆಳಗ ಎಳೀತೈತಿ. ಮುಂದ ಯಾಕ ಒಯ್ಯೂದಿಲ್ಲ..." ಎಂದು ಅಲ್ಲಿಗೇ ನಿಂತರು.

"ನನಗೂ ತಿಳೀಲಿಲ್ಲ," ಎಂದಳು ದಾಕ್ಷಾಯಣಿ.

ಆಕೆಯನ್ನು ಇಷ್ಟು ವರ್ಷ ವರದಿ ಮಾಡಿದ್ದೇನೆ, ಈ ಮಾತು ಆಕೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆಕೆ ಅತ್ತಿತ್ತ ನೋಡಿದಳು. ಮಕ್ಕಳು ಆಕೆಯನ್ನೇ ನೋಡುತ್ತಿದ್ದರು. ಕಿವಿ ಕೆಂಪಾದವು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಿಂಗಿ ಅದನ್ನು ಗಮನಿಸಿ, ಸ್ವಲ್ಪ ಸರಿದು, ಮಂತ್ರಿಗೆ ಒತ್ತಿಕೊಂಡು ಕೂತಳು.

"ಬಸ್ಸಿನ್ಯಾಗ ಹಾರಿದ್ರ ಹಿಂದಕ ಬೀಳ್ತೀವಿ," ಎಂದ ಒಬ್ಬ. "ಇಲ್ಲಲೇ, ಅಲ್ಲೇ ಬೀಳ್ತೀವಿ," ಎಂದ ಇನ್ನೊಬ್ಬ. "ನೀ ಹಾರೀಯೇನು?" "ನೀ ಹಾರೀಯೇನು?" ತರಗತಿ ಎರಡು ಪಕ್ಷವಾಗಿ ಜಗಳ ಶುರುವಾಯಿತು.

ದಾಕ್ಷಾಯಣಿ ಎದ್ದು ನಿಂತಳು. "ನಡೀರಿ, ಹೋಗಿ ನೋಡೂಣು. ಎಲ್ಲಾರೂ ಹೊರಗ."

ಊರ ಸುತ್ತು ಹಾಕುವ ಬಸ್ಸು ಬಂದಾಗ ಇಡೀ ನಾಲ್ಕನೆಯ ತರಗತಿ, ಮಾಸ್ತರರು, ಮಂತ್ರಿ, ನಾನು ಹತ್ತಿದೆವು. "ಏನವ್ವಾ ಮಂತ್ರೀ, ಲಗ್ನದ ದಿಬ್ಬಣೇನು?" ಎಂದ ಕಂಡಕ್ಟರ್. "ಅಲ್ಲೋ, ಪರೀಕ್ಷಾ. ಡ್ರೈವರಪ್ಪಗ ಹೇಳು, ಗಾಡಿ ಒಂದ ಸಮ ಓಡಿಸಬೇಕು," ಎಂದಳು ಆಕೆ. ಕೆರೆಯ ಏರಿಯ ನೇರ ದಾರಿಯಲ್ಲಿ ಬಸ್ಸು ವೇಗ ಹಿಡಿಯಿತು. ನಿಂಗಿ ನಡುದಾರಿಯಲ್ಲಿ ಕಾಲೂರಿ ನಿಂತಳು, ಲಂಗದ ಗಂಟಿನಿಂದ ಒಂದು ಪೇರಲ ಹಣ್ಣು ತೆಗೆದಳು, ನೇರ ಮೇಲಕ್ಕೆ ಎಸೆದಳು. ಹಣ್ಣು ಛಾವಣಿಯ ಹತ್ತಿರ ಹೋಗಿ ಅವಳ ಅಂಗೈಗೇ ಬಂತು. ಮತ್ತೆ ಎಸೆದಳು, ಮತ್ತೆ ಅಂಗೈಗೇ ಬಂತು. ಹೊರಗೆ ಹುಣಸೆ ಮರಗಳು ಹಿಂದೆ ಹಿಂದೆ ಓಡುತ್ತಿದ್ದವು.

"ಹಣ್ಣೂ ನಮ್ಮ ಕೂಡ ಓಡಾಕತ್ತೈತಿ!" ಎಂದು ಮುಂದಿನ ಬೆಂಚಿನ ಹುಡುಗ ಕೂಗಿದ.

ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಗಾಳಿಯಲ್ಲಿದ್ದ ಹಣ್ಣು ನಿಲ್ಲದೆ ಮುಂದೆ ಹೋಗಿ ಹಣಮಂತ ಮಾಸ್ತರರ ಬೆನ್ನಿಗೆ ಬಡಿಯಿತು. ಬಸ್ಸು ನಗೆಯಿಂದ ತುಂಬಿತು. ಮಾಸ್ತರರೂ ಬೆನ್ನು ಉಜ್ಜಿಕೊಳ್ಳುತ್ತ ನಕ್ಕರು. ನಿಂಗಿ ಒಬ್ಬಳೇ ನಗಲಿಲ್ಲ. ಕಂಬ ಹಿಡಿದು ನಿಂತು ಆ ಹಣ್ಣನ್ನೇ ನೋಡುತ್ತಿದ್ದಳು.

"ಬಸ್ಸು ನಿಂತದ್ದು ಹಣ್ಣಿಗೆ ಗೊತ್ತಾಗ್ಲಿಲ್ಲ," ಎಂದಳು ನಿಧಾನವಾಗಿ. "ಅದು ಇನ್ನೂ ಓಡಾಕತ್ತಿತ್ತು. ಹಂಗಾರ ನಾ ಹಾರಿದಾಗ ನಾನೂ ಓಡಾಕತ್ತಿರ್ತೀನಿ, ಭೂಮಿ ಕೂಡ." ಆಮೇಲೆ ಮುಖವರಳಿಸಿ ಮಂತ್ರಿಯ ಸೆರಗು ಜಗ್ಗಿದಳು. "ಅಕ್ಕೋರೇ, ಭೂಮಿಗೆ ಬ್ರೇಕ್ ಇಲ್ಲ! ಅದಕ್ಕ ನಮಗ ಗೊತ್ತಾಗೂದಿಲ್ಲ!"

ಶಾಲೆಗೆ ಮರಳಿದಾಗ ಮಾಸ್ತರರು ಡಸ್ಟರನ್ನು ನಿಂಗಿಯ ಕೈಗೆ ಕೊಟ್ಟರು. ಅವಳು ತುದಿಗಾಲಲ್ಲಿ ನಿಂತು ಎಳೆದಳು. ಸೂರ್ಯ ಹೋಯಿತು. ಅದರ ಮೇಲೆ ಬರೆದಿದ್ದ ವ್ಯಾಕರಣದ ಅರ್ಧ ಅಲ್ಲೇ ಉಳಿಯಿತು. ಅದನ್ನು ಹಿಡಿದವನು ಬೇರೊಬ್ಬ. ಮುಂದಿನ ಬೆಂಚಿನ ಆ ಹುಡುಗ ತಾನಾಗಿಯೇ ಕೈ ಎತ್ತಿ, "ಅದು ನಂದ್ರೀ," ಎಂದ.

ಆ ದಿನ ದಾಕ್ಷಾಯಣಿ ಸೈಕಲ್ ತಳ್ಳಿಕೊಂಡು ನಡೆದೇ ಹೋದಳು. ಜೊತೆಗೆ ನಡೆಯುತ್ತಿದ್ದ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ಮುಷ್ಕರದಾಗ ಇನಾಮದಾರ ಸರ್ ಹಲಗಿ, ಅವರು ಮನೀಗೆ ಹೋದ ಮ್ಯಾಲೂ ಅಳಿಸಿರ್ಲಿಲ್ಲ ಅಲ್ರೀ?" ಹೌದು ಎಂದೆ. ಆಕೆ ತಲೆಯಾಡಿಸಿದಳು.

ಯುಗಾದಿ ಕಳೆದು ಸಭೆ ಸೇರಿತು. ಭವನದ ತುಂಬ ಜನ. ಹೊರಗೆ ಅಪ್ಪಂದಿರು ಘೋಷಣೆ ಕೂಗುತ್ತಿದ್ದರು. ಬಾಗಿಲ ಬಳಿ ಕಸ್ತೂರವ್ವ, ಅವಳ ಸೊಂಟಕ್ಕೆ ಒರಗಿ ನಿಂಗಿ. ರುದ್ರಗೌಡರು ಎದ್ದು ಕಳೆಗುಂದಿದ ಮುಖದಿಂದ, "ಕಡೀ ಸಲ ಒರೆಸಿ ನೋಡೂದೈತಿ. ಅದಕ್ಕೂ ಮೊದಲ, ಯಾರು ಹಿಡಿದೀರಿ ಅಂತ ಹೇಳಿಬಿಟ್ರ ಚಲೋ," ಎಂದರು. ಎಲ್ಲರೂ ಅಭ್ಯಾಸದಂತೆ ಶಿವಪುತ್ರಪ್ಪನವರತ್ತ ತಿರುಗಿದರು. ಅವರೂ ಅಭ್ಯಾಸದಂತೆ ರುಮಾಲಿಗೆ ಕೈ ಹಾಕಿದರು.

"ಅವರನ್ನ ನೋಡಬ್ಯಾಡ್ರಿ," ಎಂದು ದಾಕ್ಷಾಯಣಿ ಎದ್ದಳು. "ಹಲಗಿ ಹಿಡಿದಾಕಿ ನಾನು."

ಶಿವಪುತ್ರಪ್ಪನವರು ರುಮಾಲಿನಿಂದ ಕೈ ತೆಗೆದರು.

"ಪ್ರಮಾಣ ಬರದಾಕಿ ನಾನು. ಬರದಾಕಿಗೆ ತಿಳೀದಿದ್ರ, ಎಲ್ಲಿದ್ರೂ ಹಲಗಿ ಬಿಡೂದಿಲ್ಲ. ನಾವು ಎಲ್ಲಾರನ್ನೂ ಅನುಮಾನ ಪಟ್ವಿ, ಬರದವ್ರನ್ನ ಬಿಟ್ಟು. ಕಟ್ಟಿಗೆ ಕಳಿಸೂದಿಲ್ಲ ಅಂದ್ರ ಮಕ್ಕಳನ್ನ ಒಳಗ ಕೂಡಿ ಹಾಕೂದು ಅಂತ ತಿಳಿದಿದ್ದೆ. ತಿಳೀದೆ ಎಲ್ಲಾರ ಮುಂದ ಒಳಗ ಕೂಡೂದು ಹ್ಯಾಂಗಿರ್ತೈತಿ ಅಂತ ನನಗ ಗೊತ್ತಿರ್ಲಿಲ್ಲ. ನಾ ಯಾವತ್ತೂ ಹಂಗ ಕುಂತಾಕಿ ಅಲ್ಲ. ಮೊನ್ನೆ ಕುಂತೆ. ಒಬ್ಬಾಕಿನ್ನ ಹೊರಗ ಹಾಕಬಾರ್ದು ಖರೆ. ಒಬ್ಬಾಕಿನ್ನ ಒಳಗೂ ಹಾಕಬಾರ್ದು. ಆಕಿ ಎಲ್ಲಿ ನಿಂತಾಳೋ ಅಲ್ಲಿಗೆ ಇಡೀ ತರಗತೀನ ಹೋಗಬೇಕು."

ಆಕೆ ಅಧ್ಯಕ್ಷರ ಕೈಯಿಂದ ಡಸ್ಟರ್ ತೆಗೆದುಕೊಂಡಳು. ನಾನು ಪತ್ರಿಕೆಯ ಬೆಂಚಿನಿಂದ ಎದ್ದು ನಿಂತಿದ್ದೆ. ಹಾಗೆ ನಿಲ್ಲಬಾರದೆಂಬುದು ನಮ್ಮ ಕಸುಬಿನ ನಿಯಮ. ಆಕೆ ಎಡದಿಂದ ಬಲಕ್ಕೆ ಒಮ್ಮೆ ಎಳೆದಳು. ಮಳೆಗಾಲದಿಂದ ನಿಂತಿದ್ದ ಸಾಲು ಪುಡಿಯಾಗಿ ಆಕೆಯ ಸೀರೆಯ ಮೇಲೆ ಉದುರಿತು. ಹಲಗೆ ಕಪ್ಪಗೆ, ತೊಳೆದಂತೆ ನಿಂತಿತು. ರುದ್ರಗೌಡರು, "ಹಂಗಾರ ನಾನಲ್ಲ," ಎಂದು ಬಾಯಿಬಿಟ್ಟು ಹೇಳಿ ಧೊಪ್ಪನೆ ಕುರ್ಚಿಯಲ್ಲಿ ಕೂತರು.

ಶಿವಪುತ್ರಪ್ಪನವರು ಎದ್ದರು. ಅವರ ದನಿಯಲ್ಲಿ ಈ ಸಲ ಕೊಂಕು ಇರಲಿಲ್ಲ. "ಒಪ್ಪಿದೆ ತಂಗೀ. ಆದ್ರ ಊರ ತುಂಬ ತಟ್ಟಿ ಕಟ್ಟಿಸೀದಿ. ಆ ಕಟ್ಟಿಗೋಳನ್ನ ಇನ್ನ ಏನ್ ಮಾಡಾಕಿ?"

ದಾಕ್ಷಾಯಣಿ ಬಾಗಿಲತ್ತ ನೋಡಿದಳು. ಕಸ್ತೂರವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ತಟ್ಟಿ ನಾಳಿಗೇ ತಗಸ್ತೀನ್ರೀ," ಎಂದಳು. "ಕಟ್ಟಿ ಇರ್ಲಿ. ಎಲ್ಲಾರೂ ಕೂಡೂವಷ್ಟು ಅಗಲ ಮಾಡ್ಸೂಣು."